ಕಟ್ಟಿಹಾಕಿದ ಹಡಗುಗಳ ಲೆಕ್ಕವನ್ನೂ ಸ್ವಲ್ಪ ಹೇಳಿ

ಕೇಂದ್ರ ಬಂದರು ಮತ್ತು ಹಡಗು ಸಚಿವಾಲಯದವರಿಗೆ, ಮರ್ಚೆಂಟ್ ನೇವಿ ತರಬೇತಿ ಸಂಸ್ಥೆಗಳನ್ನು ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ಕುಂದಾಪುರ ಕಡೆಯವನು. 27 ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು ಈಗ ಊರಿನಲ್ಲಿ ತೆಂಗಿನಮರ ನೋಡಿಕೊಂಡಿದ್ದೇನೆ. ಮೊನ್ನೆ ಪಕ್ಕದ ಮನೆಯವರು ಮಗನನ್ನು ಕರೆದುಕೊಂಡು ಬಂದರು. ಹುಡುಗನ ಪಿಯುಸಿ ಮುಗಿದಿದೆ. ಕೈಯಲ್ಲಿ ಒಂದು ತರಬೇತಿ ಸಂಸ್ಥೆಯ ಬಣ್ಣದ ಪುಸ್ತಕ ಇತ್ತು. "ಅಣ್ಣ, ನೀವು ಹಡಗಿನಲ್ಲಿ ಇದ್ದವರು, ನೀವೇ ಹೇಳಿ, ಸೇರಿಸಬಹುದಾ?" ಅಂತ ಕೇಳಿದರು. ನಾನು ಪುಸ್ತಕವನ್ನು ಒಂದೂ ಪುಟ ಬಿಡದೆ ತಿರುಗಿಸಿದೆ. ಬಿಳಿ ಯೂನಿಫಾರ್ಮ್ ಇತ್ತು, ಈಜುಕೊಳ ಇತ್ತು, ಪರೇಡ್ ಇತ್ತು, ಡಾಲರಿನಲ್ಲಿ ಸಂಬಳ ಇತ್ತು. ಹಡಗು ನಿಂತುಹೋದರೆ ಏನು ಗತಿ ಅಂತ ಎಲ್ಲೂ ಇರಲಿಲ್ಲ.

ಹಡಗು ಎಲ್ಲಿ ನಿಲ್ಲುತ್ತದೆ, ಸುಮ್ನೆ ಹೆದರಿಸಬೇಡಿ ಅಂತ ನೀವು ಹೇಳಬಹುದು. ನಿಲ್ಲುತ್ತದೆ ಸ್ವಾಮಿ. ನಾನು ನಿಂತ ಹಡಗಿನೊಳಗೆ ಏಳು ತಿಂಗಳು ಕೂತು ಬಂದವನು.

2009ರ ಫೆಬ್ರವರಿ. ನಾನಾಗ ಸೆಕೆಂಡ್ ಇಂಜಿನಿಯರ್. ನಮ್ಮದು ಮಧ್ಯಮ ಗಾತ್ರದ ಕಂಟೇನರ್ ಹಡಗು. ಸಿಂಗಾಪುರದಲ್ಲಿ ಸರಕು ಇಳಿಸಿದ ಮೇಲೆ ಮುಂದಿನ ಬಂದರು ಯಾವುದು ಅಂತ ಯಾರೂ ಹೇಳಲಿಲ್ಲ. ಹತ್ತು ದಿನ ಸಿಂಗಾಪುರದ ಹೊರಗೆ ಲಂಗರು ಹಾಕಿ ಕಾದೆವು. ಸುತ್ತ ನೋಡಿದರೆ ಎಲ್ಲಾ ಖಾಲಿ ಹಡಗುಗಳೇ. ಸರಕು ಇಲ್ಲದ ಹಡಗು ನೀರಿನಿಂದ ಎಷ್ಟು ಮೇಲೆ ಎದ್ದು ನಿಲ್ಲುತ್ತದೆ ಅಂದರೆ, ಕೆಳಗಿನ ಕೆಂಪು ಬಣ್ಣವೆಲ್ಲ ಕಾಣುತ್ತದೆ, ಪ್ರೊಪೆಲ್ಲರಿನ ಅರ್ಧ ಆಚೆಗೆ ಬಂದಿರುತ್ತದೆ. ರಾತ್ರಿ ಹೊತ್ತು ದೀಪ ನೋಡಿದರೆ ಅಲ್ಲೊಂದು ಊರೇ ಇದೆ ಅನ್ನಬೇಕು. ಹನ್ನೊಂದನೇ ದಿನ ಆರ್ಡರ್ ಬಂತು. ಲಬುವಾನ್‌ಗೆ ಹೋಗಿ, ಲೇ-ಅಪ್. ಅಂದರೆ ಸರಕು ಸಿಗುವವರೆಗೆ ಹಡಗನ್ನು ಕಟ್ಟಿಹಾಕಿ ಇಡುವುದು.

ಲಬುವಾನ್ ಬೋರ್ನಿಯೋ ಪಕ್ಕದ ಒಂದು ಸಣ್ಣ ದ್ವೀಪ, ಮಲೇಷ್ಯಾದ್ದು. ಬ್ರುನೈ ಕೊಲ್ಲಿಯ ಬಾಯಿಯಲ್ಲಿ ಕೂತಿದೆ. ಎದುರಿನ ಸಬಾ ಪ್ರಾಂತ್ಯಕ್ಕೆ ಹಳೆಯ ನಾವಿಕರು ಇಟ್ಟ ಹೆಸರು 'ಗಾಳಿಯ ಕೆಳಗಿನ ನಾಡು'. ಫಿಲಿಪೈನ್ಸ್ ಕಡೆ ಬೀಸುವ ತೂಫಾನುಗಳು ಇಷ್ಟು ಕೆಳಗೆ ಬರುವುದಿಲ್ಲ, ಅದಕ್ಕೇ ಆ ಹೆಸರು. ಹಡಗನ್ನು ತಿಂಗಳುಗಟ್ಟಲೆ ಕಟ್ಟಿಹಾಕಲು ಬೇಕಾದ್ದೂ ಅದೇ. ತೂಫಾನ್ ಬರಬಾರದು, ಅಲೆ ಬಡಿಯಬಾರದು, ನೀರು ಆಳ ಇರಬೇಕು, ಲಂಗರು ಕಚ್ಚಿ ಹಿಡಿಯಲು ತಳದಲ್ಲಿ ಕೆಸರು ಇರಬೇಕು, ಬಂದು ಹೋಗುವ ಹಡಗುಗಳ ದಾರಿಗೆ ಅಡ್ಡ ಆಗಬಾರದು. ನಮ್ಮ ಗಂಗೊಳ್ಳಿಯ ಬೋಟಿನವರು ಮಳೆಗಾಲ ಶುರುವಾಗುವ ಮೊದಲು ಅಳಿವೆಯ ಒಳಗೆ ಬಂದು ಸಾಲಾಗಿ ಕಟ್ಟಿಕೊಳ್ಳುತ್ತಾರಲ್ಲ, ಲೆಕ್ಕ ಒಂದೇ. ಅಲ್ಲಿ ಹಗ್ಗ, ಇಲ್ಲಿ ಮನುಷ್ಯನ ತೊಡೆಯಷ್ಟು ದಪ್ಪದ ಸರಪಳಿ.

ನಮ್ಮನ್ನು ಇನ್ನೆರಡು ಹಡಗುಗಳ ಮಗ್ಗುಲಿಗೆ ತಂದು ಕಟ್ಟಿದರು. ನಡುವೆ ಯೊಕೊಹಾಮಾ ಫೆಂಡರ್, ಆ ದೊಡ್ಡ ರಬ್ಬರ್ ಉರುಳೆಗಳು. ಮೇನ್ ಇಂಜಿನ್ ನಿಂತಿತು. ಅಷ್ಟು ವರ್ಷ ಕಾಲ ಕೆಳಗೆ ಸದಾ ನಡುಗುತ್ತಿದ್ದ ಕಬ್ಬಿಣ ಒಮ್ಮೆಲೇ ತಣ್ಣಗಾದರೆ ಹೇಗಿರುತ್ತದೆ ಅಂತ ಹಡಗಿನಲ್ಲಿ ಇರದವರಿಗೆ ಹೇಳುವುದು ಕಷ್ಟ. ಮೊದಲ ರಾತ್ರಿ ನನಗೆ ನಿದ್ರೆಯೇ ಬರಲಿಲ್ಲ.

ಇದರಲ್ಲಿ ಎರಡು ತರ ಇದೆ. ಹಾಟ್ ಲೇ-ಅಪ್ ಅಂದರೆ ಹಡಗನ್ನು ಅರೆನಿದ್ರೆಯಲ್ಲಿ ಇಡುವುದು. ಒಂದು ಜನರೇಟರ್ ಓಡುತ್ತಿರುತ್ತದೆ, ಇಂಜಿನ್ನಿನ ನೀರು ಬಿಸಿಯಾಗಿರುತ್ತದೆ, ಕರೆ ಬಂದರೆ ಕೆಲವೇ ದಿನಗಳಲ್ಲಿ ಹೊರಡಬಹುದು. ಕೋಲ್ಡ್ ಲೇ-ಅಪ್ ಅಂದರೆ ಬಹುತೇಕ ಎಲ್ಲಾ ಬಂದ್. ಒಳಗಿನ ಗಾಳಿಯ ತೇವ ಹೀರಲು ಡಿಹ್ಯುಮಿಡಿಫೈಯರ್ ಇಡುತ್ತಾರೆ. ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ತುಕ್ಕು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಂಥ ಹಡಗನ್ನು ಮತ್ತೆ ಎಬ್ಬಿಸಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳೇ ಬೇಕು.

ನಮ್ಮದು ಹಾಟ್. 22 ಜನ ಇದ್ದವರು ಒಂಬತ್ತಾದೆವು. ವಾರಕ್ಕೊಮ್ಮೆ ಲ್ಯೂಬ್ ಆಯಿಲ್ ಪಂಪ್ ಹಾಕಿ, ಟರ್ನಿಂಗ್ ಗೇರಿನಲ್ಲಿ ಮೇನ್ ಇಂಜಿನ್ನನ್ನು ನಿಧಾನ ತಿರುಗಿಸಿ, ಕಳೆದ ವಾರ ನಿಂತ ಜಾಗದಲ್ಲಿ ನಿಲ್ಲದ ಹಾಗೆ ಬೇರೆ ಕೋನದಲ್ಲಿ ನಿಲ್ಲಿಸಬೇಕು. ಒಂದೇ ಕಡೆ ಭಾರ ಬಿದ್ದರೆ ಬೇರಿಂಗಿಗೆ ಒಳ್ಳೆಯದಲ್ಲ. ಹಾಸಿಗೆ ಹಿಡಿದ ಅಜ್ಜನನ್ನು ಮಗ್ಗುಲು ಬದಲಿಸಿ ಮಲಗಿಸುವ ಹಾಗೆ. ಮೋಟರುಗಳಿಗೆ ಮೆಗ್ಗರ್ (ಕರೆಂಟ್ ಸೋರುತ್ತದೆಯೇ ಅಂತ ನೋಡುವ ಮೀಟರ್) ಹಿಡಿದು ನೋಡಬೇಕು, ವಿಂಚಿಗೆ ಗ್ರೀಸ್ ಹಾಕಬೇಕು, ಲೈಫ್‌ಬೋಟ್ ಇಳಿಸಿ ಹತ್ತಿಸಬೇಕು. ಎಲ್ಲದಕ್ಕೂ ಪಟ್ಟಿ ಇತ್ತು, ಪಟ್ಟಿಯ ಎದುರು ಸಹಿ ಹಾಕಬೇಕಿತ್ತು.

ನೀರಿನ ತಾಪತ್ರಯ ಬೇರೆ. ಹಡಗಿನಲ್ಲಿ ಸಿಹಿನೀರು ತಯಾರಾಗುವುದು ಮೇನ್ ಇಂಜಿನ್ನಿನ ಶಾಖದಿಂದ. ಇಂಜಿನ್ ನಿಂತರೆ ನೀರೂ ನಿಂತಿತು. ಬಾರ್ಜಿನಲ್ಲಿ ನೀರು ತರಿಸಬೇಕು, ಅದಕ್ಕೆ ಕಂಪನಿ ದುಡ್ಡು ಕೊಡಬೇಕು, ಹಾಗಾಗಿ ಸ್ನಾನಕ್ಕೆ ಎರಡು ಬಕೆಟ್. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು, ಒಳಗೆ ಬಕೆಟ್ ಲೆಕ್ಕ. ಆದರೆ ಊಟಕ್ಕೆ ಅಂಥ ತೊಂದರೆ ಇರಲಿಲ್ಲ. ಲಬುವಾನ್ ಪೇಟೆಯಲ್ಲಿ ನಮ್ಮ ಬಂಗುಡೆಯೇ ಸಿಗುತ್ತದೆ, ಅವರು ಬೇರೆ ಹೆಸರಿನಲ್ಲಿ ಕರೆಯುತ್ತಾರೆ ಅಷ್ಟೆ. ಹಡಗು ಬಹಳ ದಿನ ನಿಂತರೆ ತಳಕ್ಕೆ ಚಿಪ್ಪು, ಪಾಚಿ ಬೆಳೆಯುತ್ತದೆ, ಅದನ್ನು ತಿನ್ನಲು ಮೀನು ಬರುತ್ತದೆ, ಗಾಳ ಹಾಕಿದರೆ ಹತ್ತು ನಿಮಿಷದಲ್ಲಿ ಸಾರಿಗೆ ಆಗುವಷ್ಟು. ಫೋನ್ ಸಿಗ್ನಲ್ ಮಾತ್ರ ಬ್ರಿಡ್ಜಿನ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯ, ಬಲಗಡೆ ಮೂಲೆಯಲ್ಲಿ ಒಂದೇ ಜಾಗದಲ್ಲಿ ಸಿಗುತ್ತಿತ್ತು. ಸಂಜೆ ಅಲ್ಲಿ ಕ್ಯೂ.

ಮೂರನೇ ತಿಂಗಳು ಒಂದು ಕಾಗದ ಬಂತು. ಸಂಬಳದಲ್ಲಿ ಒಂದು ಪಾಲು ಕಡಿಮೆ ಮಾಡಲು 'ಸ್ವಇಚ್ಛೆಯಿಂದ' ಒಪ್ಪಿದ್ದೇನೆ ಅಂತ ಸಹಿ ಮಾಡಬೇಕು. ಯಾವ ಕಂಪನಿ ಅಂತ ಹೇಳುವುದಿಲ್ಲ. ಒಂಬತ್ತೂ ಜನ ಸಹಿ ಹಾಕಿದೆವು. ಮನೆಗೆ ಹೋದರೆ ವಾಪಸ್ ಕರೆಯುತ್ತಾರೆ ಅನ್ನುವ ನಂಬಿಕೆ ಯಾರಿಗೂ ಇರಲಿಲ್ಲ. ಆದರೂ ನಮ್ಮದು ಪುಣ್ಯ, ಅರ್ಧವೋ ಮುಕ್ಕಾಲೋ ಸಂಬಳ ಬರುತ್ತಿತ್ತು. ನಾನು ಈ ಪತ್ರ ಬರೆಯುತ್ತಿರುವುದು ನನ್ನ ಸಲುವಾಗಿ ಅಲ್ಲ.

22 ಜನ ಒಂಬತ್ತಾದಾಗ ಮೊದಲು ಇಳಿದವರು ಯಾರು ಗೊತ್ತಾ? ಇಬ್ಬರು ಕೆಡೆಟ್‌ಗಳು. ಒಬ್ಬ ಬಿಹಾರದವನು, ಇನ್ನೊಬ್ಬ ಕೇರಳದವನು. ಹತ್ತಿ ನಾಲ್ಕೇ ತಿಂಗಳಾಗಿತ್ತು. ನಿಂತ ಹಡಗಿನಲ್ಲಿ ಕಲಿಯುವ ಹುಡುಗರಿಗೆ ಏನು ಕೆಲಸ ಅಂತ ಕಳಿಸಿಬಿಟ್ಟರು. ಕೆಡೆಟ್ ಆಫೀಸರ್ ಆಗಬೇಕಾದರೆ ಇಷ್ಟು ತಿಂಗಳು ಸೀ ಟೈಮ್, ಅಂದರೆ ಸಮುದ್ರದಲ್ಲಿ ಕೆಲಸ ಮಾಡಿದ ಅವಧಿ, ಬೇಕೇಬೇಕು. ಅದು ಕ್ಲಾಸಿನಲ್ಲಿ ಸಿಗುವುದಿಲ್ಲ, ಓಡುವ ಹಡಗಿನಲ್ಲಿ ಮಾತ್ರ ಸಿಗುತ್ತದೆ. ಒಂದು ಹಡಗು ಕಟ್ಟಿಹಾಕಿದರೆ ಇಬ್ಬರು ಹುಡುಗರ ಜಾಗ ಹೋಯಿತು. ಆ ವರ್ಷದ ಕೊನೆಗೆ ಜಗತ್ತಿನಲ್ಲಿ ಸುಮ್ಮನೆ ನಿಂತ ಕಂಟೇನರ್ ಹಡಗುಗಳೇ ಐನೂರಕ್ಕೂ ಹೆಚ್ಚು. ಒಟ್ಟು ಕಂಟೇನರ್ ಸಾಮರ್ಥ್ಯದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಗುಣಿಸುವುದು ನಿಮಗೇ ಬಿಟ್ಟಿದ್ದು.

ಅದೇ ಸಮಯಕ್ಕೆ ನಮ್ಮ ಅಕ್ಕನ ಮಗ ಕೋರ್ಸ್ ಮುಗಿಸಿ ಮುಂಬಯಿಯಲ್ಲಿ ಕೂತಿದ್ದ. ಅವನನ್ನು ಸೇರಿಸಿ ಅಂತ ಹೇಳಿದ್ದು ನಾನೇ. 2007ರಲ್ಲಿ ಹಡಗಿನ ಕೆಲಸ ಅಂದರೆ ಏನು ಬೇಡಿಕೆ, ಆಫೀಸರುಗಳು ಸಿಗುತ್ತಿಲ್ಲ ಅಂತ ಕಂಪನಿಗಳು ಪರದಾಡುತ್ತಿದ್ದ ಕಾಲ. ಅಕ್ಕ ಬಳೆ, ಸರ ಎರಡನ್ನೂ ಬ್ಯಾಂಕಿನಲ್ಲಿಟ್ಟಳು, ಭಾವ ಗದ್ದೆಯ ಮೇಲೆ ಸಾಲ ಮಾಡಿದರು. ಹುಡುಗ ಒಳ್ಳೆಯ ಮಾರ್ಕಿನಲ್ಲಿ ಪಾಸಾಗಿ ಹೊರಗೆ ಬಂದದ್ದು 2008ರ ಡಿಸೆಂಬರಿನಲ್ಲಿ. ನಾನು ಬ್ರಿಡ್ಜಿನ ಮೂಲೆಯಲ್ಲಿ ನಿಂತು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ಮಾವ, ಇವತ್ತು ಮೂರು ಆಫೀಸಿಗೆ ಹೋಗಿದ್ದೆ. ಫೈಲ್ ಇಟ್ಟು ಹೋಗು ಅಂದ್ರು." ಫೈಲ್ ಇಟ್ಟು ಬಂದ, ಎರಡು ವರ್ಷ ಹೀಗೇ ಇಟ್ಟು ಬಂದ. ಈಗ ಬೈಂದೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹಡಗು ಹತ್ತಲೇ ಇಲ್ಲ. ನನ್ನ ಮೇಲೆ ಸಿಟ್ಟಿಲ್ಲ ಅನ್ನುತ್ತಾನೆ. ಅಕ್ಕ ಮಾತ್ರ ಇವತ್ತಿಗೂ ಯಾರಾದರೂ ಹಡಗಿನ ಸುದ್ದಿ ತೆಗೆದರೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಇದು ಹಣೆಬರಹ, ಮಾರುಕಟ್ಟೆ ಬಿದ್ದರೆ ಯಾರೇನು ಮಾಡಲು ಆಗುತ್ತದೆ ಅಂತ ಹೇಳುವವರು ಇದ್ದಾರೆ. ಸಿಡಿಲಿನ ಹಾಗೆ ಬಂತು ಅಂತ ಹೇಳುವುದು ಸುಲಭ. ಬಿದ್ದ ಜೋರು ನೋಡಿದರೆ ಹಾಗೇ ಅನ್ನಿಸುತ್ತದೆ, ಒಪ್ಪುತ್ತೇನೆ. ಅದಿರು, ಕಲ್ಲಿದ್ದಲು, ಧಾನ್ಯ ಹೊರುವ ಹಡಗುಗಳ ಬಾಡಿಗೆ ತೋರಿಸುವ ಬಾಲ್ಟಿಕ್ ಡ್ರೈ ಇಂಡೆಕ್ಸ್ 2008ರ ಮೇ 20ಕ್ಕೆ 11,793 ಇತ್ತು. ಡಿಸೆಂಬರ್ 5ಕ್ಕೆ 663. ದೊಡ್ಡ ಕೇಪ್‌ಸೈಜ್ ಹಡಗೊಂದರ ದಿನದ ಬಾಡಿಗೆ ಜೂನ್‌ನಲ್ಲಿ 2 ಲಕ್ಷ 30 ಸಾವಿರ ಡಾಲರ್ ಮುಟ್ಟಿದ್ದು ಡಿಸೆಂಬರಿನಲ್ಲಿ ಎರಡೂವರೆ ಸಾವಿರಕ್ಕಿಂತ ಕೆಳಗೆ. ಅಷ್ಟರಲ್ಲಿ ಜನರ ಸಂಬಳವೂ ಹುಟ್ಟುವುದಿಲ್ಲ. 2009ರಲ್ಲಿ ಜಗತ್ತಿನ ಸರಕು ವ್ಯಾಪಾರ ಶೇಕಡಾ 12ರಷ್ಟು ಇಳಿಯಿತು.

ಆದರೆ ವ್ಯಾಪಾರ ಇಳಿದದ್ದು ಅರ್ಧ ಕಥೆ. ಇನ್ನರ್ಧ ಹಡಗು ಕಟ್ಟಿಸಿದವರದ್ದು. ಬಾಡಿಗೆ ಏರಿದಾಗ ಎಲ್ಲಾ ಮಾಲೀಕರೂ ಒಟ್ಟಿಗೆ ಹಡಗು ಕಟ್ಟುವ ಯಾರ್ಡಿಗೆ ಓಡುತ್ತಾರೆ. ಇವತ್ತು ಆರ್ಡರ್ ಕೊಟ್ಟ ಹಡಗು ನೀರಿಗೆ ಬರುವುದು ಎರಡು ಮೂರು ವರ್ಷಕ್ಕೆ. 2008ರಲ್ಲಿ ಕಟ್ಟುತ್ತಿದ್ದ ಕಂಟೇನರ್ ಹಡಗುಗಳ ಸಾಮರ್ಥ್ಯ, ಆಗ ಓಡುತ್ತಿದ್ದ ಹಡಗುಗಳ ಒಟ್ಟು ಸಾಮರ್ಥ್ಯದ ಅರ್ಧಕ್ಕಿಂತ ಜಾಸ್ತಿ ಇತ್ತು! ಅಡಿಕೆಗೆ ರೇಟ್ ಬಂತು ಅಂತ ಗದ್ದೆ ಗದ್ದೆಯಲ್ಲೂ ಸಸಿ ನೆಟ್ಟ ಹಾಗೆ. ಫಸಲು ಬರುವ ವರ್ಷ ಎಲ್ಲರದ್ದೂ ಒಟ್ಟಿಗೇ ಬರುತ್ತದೆ.

ಇದು ಗುಟ್ಟಿನ ವಿಷಯವಲ್ಲ. ಆರ್ಡರ್ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಹಡಗು ಜಾಸ್ತಿಯಾಗುತ್ತದೆ ಅಂತ ಎರಡು ವರ್ಷ ಮುಂಚೆಯೇ ಕಾಣುತ್ತದೆ. ಕೆಡೆಟ್ ಕೂಡ ಹಾಗೆಯೇ ಅಲ್ವಾ? ಇವತ್ತು ಸೀಟು ಕೊಟ್ಟ ಹುಡುಗ ಹಡಗು ಹುಡುಕುವುದು ಮುಂದಿನ ವರ್ಷವೋ, ಕೋರ್ಸ್ ದೊಡ್ಡದಾದರೆ ನಾಲ್ಕು ವರ್ಷಕ್ಕೋ. ಮಾಲೀಕರು ಹಡಗು ಬಿತ್ತುತ್ತಾರೆ, ಸಂಸ್ಥೆಗಳು ಹುಡುಗರನ್ನು ಬಿತ್ತುತ್ತವೆ, ಇಬ್ಬರೂ ನೋಡುವುದು ಇವತ್ತಿನ ರೇಟ್ ಮಾತ್ರ.

ಹಳೆಯದೊಂದು ಹೇಳುತ್ತೇನೆ, ಈಗಿನದಕ್ಕೆ ಅದು ಬೇಕು. 1967ರಲ್ಲಿ ಅರಬ್-ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿತು. ಕೊಲ್ಲಿ ದೇಶಗಳ ಎಣ್ಣೆ ಆಫ್ರಿಕಾ ಸುತ್ತಿ ಯುರೋಪಿಗೆ ಹೋಗಬೇಕಾಯಿತು. ದಾರಿ ಉದ್ದ, ಹಡಗು ಸಾಲದು. ಅಷ್ಟು ದೂರ ಸುತ್ತುವುದಾದರೆ ದೊಡ್ಡ ಹಡಗೇ ಲಾಭ ಅಂತ ಭಾರಿ ಭಾರಿ ಟ್ಯಾಂಕರ್‌ಗಳಿಗೆ ಆರ್ಡರ್ ಮೇಲೆ ಆರ್ಡರ್ ಬಿತ್ತು. 1973ರ ಅಕ್ಟೋಬರಿನ ಇನ್ನೊಂದು ಅರಬ್-ಇಸ್ರೇಲ್ ಯುದ್ಧದ ನಂತರ ಎಣ್ಣೆ ಬೆಲೆ ನಾಲ್ಕು ಪಟ್ಟಾಯಿತು, ಜನ ಎಣ್ಣೆ ಸುಡುವುದನ್ನು ಕಡಿಮೆ ಮಾಡಿದರು. 1975ರ ಜೂನ್ 5ಕ್ಕೆ ಸೂಯೆಜ್ ಮತ್ತೆ ತೆರೆಯಿತು. ಆದರೆ ಆರ್ಡರ್ ಕೊಟ್ಟ ಟ್ಯಾಂಕರ್‌ಗಳು ಯಾರ್ಡಿನಿಂದ ಬರುತ್ತಲೇ ಇದ್ದವು. ಕೆಲವು ಒಂದು ಹನಿ ಎಣ್ಣೆ ಹೊರದೆ, ಹೊಸ ಬಣ್ಣದ ವಾಸನೆ ಹೋಗುವ ಮೊದಲೇ, ನೇರ ಲೇ-ಅಪ್‌ಗೆ ಹೋದವು. ನಾರ್ವೆಯ ಫ್ಯೋರ್ಡ್‌ಗಳಲ್ಲಿ, ಎರಡು ಕಡೆ ಕಡಿದಾದ ಬೆಟ್ಟ, ನಡುವೆ ಕನ್ನಡಿಯಂಥ ಆಳದ ನೀರು, ಅಲ್ಲಿ ಒಂದಕ್ಕೊಂದು ಕಟ್ಟಿದ ಟ್ಯಾಂಕರ್‌ಗಳ ಸಾಲು. ಗ್ರೀಸಿನ ಎಲೆಫ್ಸಿನಾ ಕೊಲ್ಲಿಯಲ್ಲೂ ಅದೇ. ನಾನು ಮುಂದೆ ಕೂತುಬಂದ ಬ್ರುನೈ ಕೊಲ್ಲಿಯಲ್ಲೂ ಎಂಬತ್ತರ ದಶಕದಲ್ಲಿ ಅದೇ. ಐದೂವರೆ ಲಕ್ಷ ಟನ್ ಹೊರುವ 'ಬಾಟಿಲಸ್' ಅನ್ನುವ ಫ್ರೆಂಚ್ ಟ್ಯಾಂಕರ್ ಕೆಲಸ ಶುರು ಮಾಡಿದ್ದು 1976ರಲ್ಲಿ, ಗುಜರಿಗೆ ಹೋದದ್ದು 1985ರಲ್ಲಿ. ನಮ್ಮ ಊರಿನ ಬಸ್ಸುಗಳು ಅದಕ್ಕಿಂತ ಜಾಸ್ತಿ ಬಾಳಿವೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಫಾಲ್ ಅಂತ ಒಂದು ನದಿ. ಎರಡೂ ದಡದಲ್ಲಿ ಓಕ್ ಕಾಡು, ಮರದ ಕೊಂಬೆಗಳು ನೀರಿಗೆ ತಾಗುವಷ್ಟು. ಆದರೆ ಆಳ ಎಷ್ಟಿದೆಯೆಂದರೆ ಸಮುದ್ರದ ಹಡಗುಗಳೇ ಒಳಗೆ ಬಂದು ನಿಲ್ಲುತ್ತವೆ. ಕಿಂಗ್ ಹ್ಯಾರಿ ಅನ್ನುವ ಕಡವಿನಲ್ಲಿ ಸರಪಳಿ ಎಳೆದುಕೊಂಡು ದಾಟುವ ಫೆರ್ರಿ ಇದೆ. ಅದರಲ್ಲಿ ದಾಟುವವರಿಗೆ ಮರಗಳ ಸಂದಿಯಲ್ಲಿ ದೊಡ್ಡ ಹಡಗುಗಳು ಕಾಣುತ್ತವೆ. ಎಷ್ಟು ಹಡಗು ನಿಂತಿವೆ ಅಂತ ಎಣಿಸಿ ಜಗತ್ತಿನ ವ್ಯಾಪಾರ ಹೇಗಿದೆ ಅಂತ ಅಲ್ಲಿಯವರು ಹೇಳುತ್ತಾರಂತೆ. 1930ರ ದಶಕದಲ್ಲೂ ಎಣಿಸಿದ್ದರು, ಎಂಬತ್ತರಲ್ಲೂ ಎಣಿಸಿದ್ದರು, 2009ರಲ್ಲೂ ಎಣಿಸಿದರು. ನನಗೆ ಇಷ್ಟವಾದ ವಿಷಯ ಇದು. ಅರ್ಥಶಾಸ್ತ್ರ ಓದದ ಜನ, ಕಿಟಕಿಯಿಂದ ನೋಡಿ ಲೆಕ್ಕ ಹೇಳುತ್ತಾರೆ. ನಮ್ಮ ಹುಡುಗರ ಅಪ್ಪ ಅಮ್ಮನಿಗೆ ಅಂಥ ಕಿಟಕಿ ಇಲ್ಲ. ಅವರಿಗಿರುವುದು ಬಣ್ಣದ ಪುಸ್ತಕ ಮಾತ್ರ.

ಅದೇ 2009ರಲ್ಲಿ ಸ್ಕಾಟ್ಲೆಂಡಿನ ಲಾಖ್ ಸ್ಟ್ರೈವನ್ ಅನ್ನುವ ಕಡಲತೋಳಿನಲ್ಲಿ ಮೇರ್ಸ್ಕ್ ಕಂಪನಿಯ ಹಡಗುಗಳನ್ನು ಸಾಲಾಗಿ ಕಟ್ಟಿದ್ದರು. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ವರ್ಷದ ಹೊಸ ಹಡಗುಗಳು. 29 ನಾಟ್ ವೇಗಕ್ಕೆ ಕಟ್ಟಿದವು, ಅಂದರೆ ಗಂಟೆಗೆ ಸುಮಾರು 54 ಕಿಲೋಮೀಟರ್. ಕಂಟೇನರ್ ಹಡಗಿಗೆ ಅದು ರೇಸ್ ಕುದುರೆಯ ಓಟ. ವೇಗ ಸ್ವಲ್ಪ ಏರಿಸಿದರೂ ಎಣ್ಣೆ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ ಅಂತ ಇಂಜಿನ್ ರೂಮಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಸರಕು ಇಲ್ಲದ ಕಾಲಕ್ಕೆ ಆ ಓಟ ಯಾರಿಗೂ ಬೇಡವಾಯಿತು. ಆಮೇಲೆ ಎಲ್ಲಾ ಕಂಪನಿಗಳೂ ನಿಧಾನ ಓಡಿಸುವುದನ್ನು ಕಲಿತವು. ನಿಧಾನ ಓಡಿಸಿದರೆ ಅದೇ ಸರಕಿಗೆ ಜಾಸ್ತಿ ಹಡಗು ಬೇಕು, ಎಣ್ಣೆಯೂ ಉಳಿಯುತ್ತದೆ. ನಮ್ಮ ಹಡಗನ್ನು ಏಳು ತಿಂಗಳ ಮೇಲೆ ಎಬ್ಬಿಸಿದ್ದೂ ಆ ಕಾರಣಕ್ಕೇ. ಡೈವರುಗಳು ಬಂದು ತಳ ಕೆರೆದರು, ಹೊರಟೆವು. ಕೆಡೆಟ್‌ಗಳು ಮಾತ್ರ ವಾಪಸ್ ಬರಲಿಲ್ಲ.

ಈಗ ಯಾಕೆ ಇದನ್ನೆಲ್ಲ ಎತ್ತುತ್ತಿದ್ದೇನೆ?

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮೆನಿನ ಹೂತಿ ಬಂಡುಕೋರರ ದಾಳಿ. ಕಂಟೇನರ್ ಹಡಗುಗಳು ಸೂಯೆಜ್ ಬಿಟ್ಟು ಮತ್ತೆ ಆಫ್ರಿಕಾ ಸುತ್ತತೊಡಗಿದವು. ಏಷ್ಯಾದಿಂದ ಯುರೋಪಿಗೆ ಹತ್ತು ಹದಿನಾಲ್ಕು ದಿನ ಜಾಸ್ತಿ. ದಾರಿ ಉದ್ದವಾಯಿತು, ಹಡಗು ಸಾಲದಾಯಿತು, ಬಾಡಿಗೆ ಏರಿತು, ಮಾಲೀಕರು ಯಾರ್ಡಿಗೆ ಓಡಿದರು. ಕಟ್ಟುತ್ತಿರುವ ಕಂಟೇನರ್ ಹಡಗುಗಳ ಸಾಮರ್ಥ್ಯ, ಓಡುತ್ತಿರುವುದರ ಕಾಲು ಭಾಗವನ್ನು ದಾಟಿಬಿಟ್ಟಿದೆ. 1967 ನೆನಪಾಗುವುದಿಲ್ಲವೇ? ಕೆಂಪು ಸಮುದ್ರ ಪೂರ್ತಿ ಶಾಂತವಾಗಿ ಎಲ್ಲರೂ ಹಳೆಯ ದಾರಿ ಹಿಡಿದ ದಿನ, ಈ ಹೊಸ ಹಡಗುಗಳಿಗೆಲ್ಲ ಸರಕು ಎಲ್ಲಿಂದ ಬರುತ್ತದೆ? ಯಾವ ತಿಂಗಳು, ಯಾವ ವರ್ಷ ಅಂತ ಹೇಳಲು ನಾನು ಜ್ಯೋತಿಷಿ ಅಲ್ಲ. ಆದರೆ ಮೋಡ ಕಟ್ಟಿದ್ದು ಕಾಣುವಾಗ ಕೊಡೆ ತಗೊಂಡು ಹೋಗು ಅಂತ ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ.

ಇದೇ ಹೊತ್ತಿಗೆ ಜಗತ್ತಿನ ನಾವಿಕರಲ್ಲಿ ಭಾರತೀಯರ ಪಾಲು ಶೇಕಡಾ 12ರ ಆಸುಪಾಸಿನಿಂದ 20ಕ್ಕೆ ಹೋಗಬೇಕು ಅಂತ ನಿಮ್ಮ ಗುರಿ. ಗುರಿ ತಪ್ಪಲ್ಲ. ಕರಾವಳಿಯ ಎಷ್ಟೋ ಮನೆಗಳು ಈ ಕೆಲಸದಿಂದಲೇ ಎದ್ದು ನಿಂತಿವೆ, ನನ್ನದೂ ಸೇರಿ. ಆದರೆ ಸೀಟು ಏರಿಸುವುದು ನಿಮ್ಮ ಕೈಯಲ್ಲಿದೆ, ಹಡಗಿನ ಮೇಲಿನ ಜಾಗ ಏರಿಸುವುದು ನಿಮ್ಮ ಕೈಯಲ್ಲಿಲ್ಲ. ಅದು ಗ್ರೀಸಿನಲ್ಲೋ ಸಿಂಗಾಪುರದಲ್ಲೋ ಕೂತ ಮಾಲೀಕನ ಕೈಯಲ್ಲಿದೆ. ಅವನು ಹಡಗು ಕಟ್ಟಿಹಾಕಿದ ದಿನ ನಿಮ್ಮ ಸರ್ಟಿಫಿಕೇಟ್ ಹಿಡಿದ ಹುಡುಗ ಕೆಲಸ ಹುಡುಕುತ್ತಾ ಮುಂಬಯಿಯ ಲಾಡ್ಜಿನಲ್ಲಿ ಕೂರುತ್ತಾನೆ.

ಲಾಡ್ಜಿನಲ್ಲಿ ಕೂತ ಹುಡುಗನನ್ನು ಹುಡುಕಿಕೊಂಡು ಬರುವವರು ಬೇರೆಯೇ ಇದ್ದಾರೆ. ಏಜೆಂಟರು. ಐದು ಲಕ್ಷ ಕೊಡು, ಹಡಗು ಹತ್ತಿಸುತ್ತೇನೆ. ನಾವಿಕನ ಕೈಯಿಂದ ಕೆಲಸಕ್ಕೆ ದುಡ್ಡು ಕೀಳಬಾರದು ಅಂತ ಅಂತರರಾಷ್ಟ್ರೀಯ ಕಾನೂನೇ ಇದೆ. ಭಾರತ 2015ರಲ್ಲಿ ಅದಕ್ಕೆ ಸಹಿಯನ್ನೂ ಹಾಕಿದೆ. ಆದರೆ ಎರಡು ವರ್ಷ ಕಾದ ಹುಡುಗನಿಗೆ, ಮನೆಯಲ್ಲಿ ಬಡ್ಡಿ ಬೆಳೆಯುತ್ತಿರುವವನಿಗೆ, ಕಾನೂನು ಕಾಣುವುದಿಲ್ಲ, ಹಡಗು ಕಾಣುತ್ತದೆ. ಆ ದುಡ್ಡಿಗೆ ಸಿಗುವುದು ತುಕ್ಕು ಹಿಡಿದ, ಇನ್ಶೂರೆನ್ಸ್ ಇಲ್ಲದ, ಮಾಲೀಕ ಯಾರು ಅಂತಲೇ ತಿಳಿಯದ ಹಡಗು. ಅಂಥ ಹಡಗಿನ ಮಾಲೀಕ ನಷ್ಟವಾದ ದಿನ ಲೇ-ಅಪ್ ಮಾಡುವುದಿಲ್ಲ, ಹಡಗನ್ನೂ ಜನರನ್ನೂ ಬಿಟ್ಟು ಓಡಿಹೋಗುತ್ತಾನೆ. 2024ರಲ್ಲಿ ಹೀಗೆ ನಡುನೀರಿನಲ್ಲಿ ಬಿಟ್ಟುಹೋದ ನಾವಿಕರು ಜಗತ್ತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಇದ್ದವರು ನಮ್ಮ ದೇಶದವರು. ಈ ಎರಡು ವಿಷಯಗಳನ್ನು ಬೇರೆ ಬೇರೆ ಫೈಲಿನಲ್ಲಿ ಇಡಬೇಡಿ. ಸೀಟು ಜಾಸ್ತಿ ಜಾಗ ಕಮ್ಮಿ ಆದಾಗಲೇ ಏಜೆಂಟನ ಅಂಗಡಿ ತೆರೆಯುವುದು.

ಇನ್ನು ನಾನು ಕೇಳುವುದು ಏನು ಅಂತ. ದೊಡ್ಡದೇನೂ ಅಲ್ಲ.

ಹಡಗು ಕಟ್ಟಿಹಾಕಿದರೆ ಮಾಲೀಕನಿಗೆ ಇನ್ಶೂರೆನ್ಸಿನವರು ಪ್ರೀಮಿಯಮ್ಮಿನಲ್ಲಿ ಒಂದು ಪಾಲು ವಾಪಸ್ ಕೊಡುತ್ತಾರೆ, ನಿಂತ ಹಡಗಿಗೆ ಅಪಾಯ ಕಮ್ಮಿ ಅಂತ. ಲೇ-ಅಪ್ ರಿಟರ್ನ್ ಅಂತಲೇ ಅದಕ್ಕೆ ಹೆಸರು. ಅದನ್ನೇ ಹುಡುಗರಿಗೂ ಮಾಡಿ ಅನ್ನುತ್ತಿದ್ದೇನೆ. ಕೋರ್ಸಿನ ಫೀಸಿನಲ್ಲಿ ಅರ್ಧವನ್ನು ಸಂಸ್ಥೆ ಮೊದಲು ತಗೊಳ್ಳಲಿ, ಇನ್ನರ್ಧವನ್ನು ಹುಡುಗ ಕೆಡೆಟ್ ಆಗಿ ಹಡಗು ಹತ್ತಿದ ಮೇಲೆ ತಗೊಳ್ಳಲಿ. ಹತ್ತಲಿಲ್ಲವೋ, ಅದು ಬೇಡ. ಸಂಸ್ಥೆಯವರು ಬೊಬ್ಬೆ ಹೊಡೆಯುತ್ತಾರೆ, ಗೊತ್ತು. ಕಟ್ಟಡಕ್ಕೆ ಸಾಲ ಮಾಡಿದ್ದೇವೆ, ಮೇಷ್ಟ್ರುಗಳಿಗೆ ಸಂಬಳ ಕೊಡಬೇಕು ಅನ್ನುತ್ತಾರೆ. ಸರಿ. ಅಕ್ಕನೂ ಸಾಲ ಮಾಡಿದ್ದಳು. ಮಾರುಕಟ್ಟೆ ಬಿದ್ದರೆ ನಷ್ಟ ಇಬ್ಬರಿಗೂ ಇರಲಿ, ಆಗ ಸಂಸ್ಥೆಯವರೇ ಆರ್ಡರ್ ಲೆಕ್ಕ ಓದಲು ಕಲಿಯುತ್ತಾರೆ. ಮುಂದಿನ ವರ್ಷ ಎಷ್ಟು ಸೀಟು ತುಂಬಬೇಕು ಅಂತ ನೀವು ಹೇಳಿಕೊಡಬೇಕಾಗಿಯೇ ಇಲ್ಲ.

ಅದಕ್ಕೆ ಸಮಯ ಹಿಡಿಯುತ್ತದೆ ಅಂದರೆ, ಈ ವರ್ಷವೇ ಮಾಡಬಹುದಾದ ಇನ್ನೊಂದಿದೆ. ಪ್ರತಿ ಸಂಸ್ಥೆಯ ಪುಸ್ತಕದ ಮೊದಲ ಪುಟದಲ್ಲಿ, ಆ ಬಿಳಿ ಯೂನಿಫಾರ್ಮಿನ ಹುಡುಗನ ಪಕ್ಕದಲ್ಲೇ, ಮೂರು ಸಂಖ್ಯೆ ಹಾಕಿಸಿ. ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಪಾಸಾದರು. ಒಂದು ವರ್ಷದೊಳಗೆ ಎಷ್ಟು ಜನ ಹಡಗು ಹತ್ತಿದರು. ಎಷ್ಟು ಜನ ಇನ್ನೂ ಕಾಯುತ್ತಿದ್ದಾರೆ. ಅಕ್ಷರ ದೊಡ್ಡದಿರಲಿ. ಕನ್ನಡದಲ್ಲಿ, ಮಲಯಾಳದಲ್ಲಿ, ಹಿಂದಿಯಲ್ಲಿ, ಓದುವ ಅಪ್ಪ ಅಮ್ಮನ ಭಾಷೆಯಲ್ಲಿ ಇರಲಿ. ಇದಕ್ಕೆ ನಿಯಮ ಈಗಾಗಲೇ ಯಾವುದೋ ಸುತ್ತೋಲೆಯಲ್ಲಿ ಇದ್ದರೂ ಇರಬಹುದು, ಸುತ್ತೋಲೆ ನಮ್ಮ ಪಕ್ಕದ ಮನೆಗೆ ಬರುವುದಿಲ್ಲ, ಪುಸ್ತಕ ಬರುತ್ತದೆ.

ಜೊತೆಗೆ ಮೂರು ತಿಂಗಳಿಗೊಮ್ಮೆ ನೀವೇ ಒಂದು ಹಾಳೆ ಹೊರಡಿಸಿ. ಜಗತ್ತಿನಲ್ಲಿ ಎಷ್ಟು ಹಡಗು ನಿಂತಿವೆ, ಎಷ್ಟು ಕಟ್ಟುತ್ತಿದ್ದಾರೆ, ಎಷ್ಟು ಗುಜರಿಗೆ ಹೋದವು. ಗುಜರಿ ಲೆಕ್ಕಕ್ಕಂತೂ ದೂರ ಹೋಗಬೇಕಾಗಿಲ್ಲ, ಹಳೆಯ ಹಡಗು ಒಡೆಯುವ ಗುಜರಾತಿನ ಅಲಂಗ್ ನಮ್ಮಲ್ಲೇ ಇದೆ. ಹೀಗೆ ಒಂದು ಹಾಳೆ ಇದ್ದಿದ್ದರೆ 2007ರಲ್ಲಿ ನಾನೇ ಅಕ್ಕನಿಗೆ ತಡಿ ಅನ್ನುತ್ತಿದ್ದೆ. ಹಡಗಿನೊಳಗೇ ಇದ್ದ ನನಗೂ ಗೊತ್ತಾಗಲಿಲ್ಲ ನೋಡಿ. ಇಂಜಿನ್ ರೂಮಿಗೆ ಕಿಟಕಿ ಇರುವುದಿಲ್ಲ.

ನಮ್ಮ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಂತ ಗೊತ್ತಿರುತ್ತದೆ. ಅದಕ್ಕೆ ತಕ್ಕಂತೆ ದುಡ್ಡು ಎತ್ತಿಡುತ್ತಾರೆ, ಬಲೆ ರಿಪೇರಿಗೆ ಕೂರುತ್ತಾರೆ, ಮಗಳ ಮದುವೆ ಯಾವ ತಿಂಗಳು ಅಂತಲೂ ಅದನ್ನೇ ನೋಡಿ ಮಾಡುತ್ತಾರೆ. ಯಾರೂ ದಕ್ಕೆಗೆ ಬಂದು, ಅಯ್ಯೋ ಬೋಟ್ ಯಾಕೆ ನಿಂತಿದೆ ಅಂತ ತಲೆ ಮೇಲೆ ಕೈ ಹೊತ್ತುಕೊಳ್ಳುವುದಿಲ್ಲ. 2012ರ ಸೆಪ್ಟೆಂಬರಿನಲ್ಲಿ ಗೋವಾದ ಗಣಿ ನಿಂತಾಗ ಮಾಂಡೋವಿ, ಝುವಾರಿ ಹೊಳೆಗಳಲ್ಲಿ ಅದಿರಿನ ಬಾರ್ಜ್‌ಗಳು ಸಾಲುಗಟ್ಟಿ ನಿಂತವು. ಅಲ್ಲಿದ್ದ ನಮ್ಮ ಕಡೆಯ ಹುಡುಗರು ಕೈಯಲ್ಲೊಂದು ಬ್ಯಾಗ್ ಹಿಡಿದು ರೈಲು ಹತ್ತಿದರು. ಅವರಿಗೆ ಯಾರೂ ದಿನಾಂಕ ಹೇಳಿರಲಿಲ್ಲ. ಹೇಳಿದವರಿಗೂ ಹೇಳದವರಿಗೂ ಇಷ್ಟೇ ವ್ಯತ್ಯಾಸ.

ಹುಡುಗರನ್ನು ಕಳಿಸಬೇಡಿ ಅಂತ ನಾನು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಒಳ್ಳೆಯ ಕಂಪನಿಗಳಿವೆ, ಸೀಟು ಕೊಡುವ ಮೊದಲೇ ಹಡಗಿನ ಜಾಗ ಖಾತ್ರಿ ಮಾಡುವವರೂ ಇದ್ದಾರೆ. ಅಂಥವರಿಗೆ ಮೂರು ಸಂಖ್ಯೆ ಹಾಕಲು ಏನೂ ಕಷ್ಟವಿಲ್ಲ, ಅವರೇ ಖುಷಿಯಿಂದ ಹಾಕುತ್ತಾರೆ.

ಪಕ್ಕದ ಮನೆಯವರಿಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಫೀಸಿನ ಮೊದಲ ಕಂತು ಕಟ್ಟಲು ಈ ತಿಂಗಳ ಕೊನೆಯವರೆಗೆ ಟೈಮ್ ಇದೆಯಂತೆ. ಅವರು ಸೇರಿಸಬೇಕೆಂದಿರುವ ಸಂಸ್ಥೆಗೆ ಹುಡುಗನ ಕೈಯಲ್ಲೇ ಒಂದು ಈಮೇಲ್ ಬರೆಸಿದ್ದೇವೆ, ಆ ಮೂರು ಸಂಖ್ಯೆ ಕೇಳಿ. ಕಳಿಸಿ ಎಂಟು ದಿನ ಆಯಿತು. ವಾಪಸ್ ಬಂದದ್ದು ಹಾಸ್ಟೆಲಿನ ಫೋಟೋಗಳು.

ಇಂತಿ,
ಲಬುವಾನ್‌ನಲ್ಲಿ ಏಳು ತಿಂಗಳು ಕೂತುಬಂದ ಒಬ್ಬ ಹಳೆಯ ಇಂಜಿನಿಯರ್